ಪೆಂಕ್ ನದಿಯ ಮೀನು, ಅತ್ತೆಯ ಉಸುಳಿ

ಬರ್ಮಿಂಗ್‌ಹ್ಯಾಮ್: ಕಾರಿನ ಡಿಕ್ಕಿ

ವಿಮಾನ ನಿಲ್ದಾಣದ ಕಾರ್ ಪಾರ್ಕಿನಲ್ಲಿ ನನ್ನ ಮೈದುನ ಮಹಾಂತೇಶ ಡಿಕ್ಕಿ ತೆರೆದ, ತೆರೆದವನೇ ದಡಕ್ಕನೆ ಮುಚ್ಚಿದ. ಅಷ್ಟರಲ್ಲಿ ನಾನು ನೋಡಬೇಕಾದ್ದನ್ನು ನೋಡಿಯಾಗಿತ್ತು. ಉದ್ದನೆಯ ಚೀಲದಲ್ಲಿ ಎರಡು ಗಾಳದ ಕೋಲು, ಒಂದು ಕೈಬಲೆ, ಕೆಸರು ಮೆತ್ತಿದ ರಬ್ಬರ್ ಬೂಟು. ಅಂಕೋಲೆಯ ಕಡೆ ಹುಟ್ಟಿ ಬೆಳೆದ ನನಗೆ ಆ ವಾಸನೆ ಗುರುತಿಸಲು ಡಿಕ್ಕಿ ಪೂರ್ತಿ ತೆರೆಯಬೇಕಾಗಿರಲಿಲ್ಲ.

ನನ್ನ ಹಿಂದೆ ಗಾಲಿಕುರ್ಚಿಯಲ್ಲಿ ನಮ್ಮ ಅತ್ತೆಯವರಿದ್ದರು. ಎಂಬತ್ತು ದಾಟಿದವರು, ಹಣೆತುಂಬ ವಿಭೂತಿ. ವಿಮಾನದಲ್ಲಿ ಕೊಟ್ಟ ಚಹಾವನ್ನು ಸಹ ಮುಟ್ಟಿರಲಿಲ್ಲ. ಆ ಕಪ್ಪಿನಲ್ಲಿ ಹಿಂದೆ ಯಾರು ಏನು ಕುಡಿದಿದ್ದರೋ ಎಂಬ ಅನುಮಾನ. ಮಗನ ಮನೆ ನೋಡುವ ಆಸೆ ಅವರಿಗೆ ಬಹಳ ವರ್ಷದ್ದು. ನನ್ನ ಗಂಡನಿಗೆ ಕಾಲೇಜಿನ ಪರೀಕ್ಷೆಗಳ ಗದ್ದಲ, ನಾನು ಆಗಷ್ಟೇ ಬ್ಯಾಂಕಿನ ಕೆಲಸದಿಂದ ನಿವೃತ್ತಳಾದವಳು. ಹಾಗಾಗಿ ಕರೆದುಕೊಂಡು ಬರುವ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು.

ಮಹಾಂತೇಶ ಸೂಟ್‌ಕೇಸುಗಳನ್ನು ಹಿಂದಿನ ಸೀಟಿಗೆ ತುರುಕುತ್ತ ನನ್ನ ಕಿವಿಯ ಬಳಿ ಬಂದ.

“ವೈನಿ, ಅವ್ವಗ ಹೇಳಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ.”

“ನೀ ಮೀನ ಹಿಡೀತೀಯೇನೋ?”

“ಹಿಡದು ಬಿಟ್ಟಬಿಡ್ತೀನ್ರಿ. ತಿನ್ನಂಗಿಲ್ಲ. ಇಲ್ಲೆ ಎಲ್ಲಾರೂ ಹಂಗ ಮಾಡೂದು.”

ಹಿಡಿದು ಬಿಡುವುದಂತೆ! ನನಗೆ ಸಿಟ್ಟು ನೆತ್ತಿಗೇರಿತು. ಯಾಕೆಂದು ಈಗಲೇ ಹೇಳಿಬಿಡುತ್ತೇನೆ. ಧಾರವಾಡದ ಹತ್ತಿರ ಹುಟ್ಟುವ ಶಾಲ್ಮಲೆಯ ನೀರು ಘಟ್ಟ ಇಳಿದು ನಮ್ಮ ಕಡೆ ಗಂಗಾವಳಿಯಾಗಿ ಸಮುದ್ರ ಸೇರುತ್ತದೆ. ನಾನು ಪ್ರೀತಿಸಿ ಮದುವೆಯಾಗಿ ಅದೇ ನೀರಿಗೆ ಎದುರಾಗಿ ಘಟ್ಟ ಹತ್ತಿದವಳು. ಮೂರು ಹೊತ್ತೂ ಮೀನು ಉಂಡು ಬೆಳೆದವಳು ಲಿಂಗಾಯತರ ಮನೆಯ ಸೊಸೆಯಾದೆ. ಮನೆ ತುಂಬಿಸಿಕೊಂಡ ಮರುದಿನ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, “ನಮ್ಮಲ್ಲಿ ಮೀನ ನಡಿಯಂಗಿಲ್ಲವಾ. ಹೊರಗ ತಿಂದ ಬಂದ್ರೂ ನನಗ ವಾಸನಿ ಬರತೈತಿ” ಎಂದಿದ್ದರು. ಗದರಲಿಲ್ಲ, ಮೆತ್ತಗೇ ಹೇಳಿದ್ದರು. ಅಂದಿನಿಂದ ನಾನು ಮೀನು ಮುಟ್ಟಿಲ್ಲ. ತವರಿಗೆ ಹೋದಾಗಲೂ ಇಲ್ಲ. ಎಲ್ಲರ ತಟ್ಟೆಗೆ ಬಂಗಡೆ ಹಾಕಿ ನನಗೆ ಬೇಳೆಸಾರು ಬಡಿಸುವಾಗ ನನ್ನ ತಾಯಿ ಮುಖ ಅತ್ತ ತಿರುಗಿಸಿಕೊಳ್ಳುತ್ತಿದ್ದಳು. ಮೂವತ್ತು ಚಿಲ್ಲರೆ ವರ್ಷ ಹೀಗೇ ಕಳೆದೆ. ಈಗ ನೋಡಿದರೆ ಆ ಮನೆಯ ಮುದ್ದಿನ ಕಿರಿಯ ಮಗನ ಡಿಕ್ಕಿಯಲ್ಲಿ ಗಾಳ!

ಹೇಳಿಬಿಟ್ಟರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಆ ಮನೆಯಲ್ಲಿ ನೀರು ಕುಡಿಯುವುದಿಲ್ಲ, ಸಿಕ್ಕ ವಿಮಾನಕ್ಕೆ ವಾಪಸು ಹೊರಡುತ್ತಾರೆ. ಬಹುಶಃ ಮಗನನ್ನು ಅವರು ನೋಡುವುದು ಇದೇ ಕಡೆಯ ಸಲ. ನಾನು ಬಾಯಿಗೆ ಬೀಗ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತೆ.

ವುಲ್ವರ್‌ಹ್ಯಾಂಪ್ಟನ್: ಸೋಮವಾರದ ಎಡೆ

ಮಹಾಂತೇಶ ದೊಡ್ಡ ಆಸ್ಪತ್ರೆಯ ಐಸಿಯು ಡಾಕ್ಟರು. ಹೆಂಡತಿ ಗೀತಾ ಜಿಪಿ, ಅಂದರೆ ಬಡಾವಣೆಯ ದವಾಖಾನೆಯ ಡಾಕ್ಟರು. ಅವಳು ಬೆಳಿಗ್ಗೆ ಬೇಗ ಹೋದರೆ ಬರುವುದು ಸಂಜೆಗೆ. ಮನೆಯೆಂದರೆ ಒಂದು ಗೋಡೆ ಪಕ್ಕದವರದ್ದೂ ಹೌದು, ಇವರದ್ದೂ ಹೌದು. ಆ ಗೋಡೆಯಾಚೆಯ ಮುದುಕಿ ನನ್ನನ್ನು ಕಂಡಾಗಲೆಲ್ಲ “ಸಾರಿ” ಅನ್ನುತ್ತಿದ್ದಳು. ಅವಳ ಕಸದ ಡಬ್ಬಿಗೆ ನಾನು ಎಡವಿದೆ, ಸಾರಿ ಅಂದದ್ದು ಅವಳು. ನಮ್ಮೂರಿನಲ್ಲಾಗಿದ್ದರೆ “ಕಣ್ಣ ಎಲ್ಲಿಟ್ಟೀರಿ?” ಎಂದು ಕೇಳಿರುತ್ತಿದ್ದರು, ಅದು ನ್ಯಾಯವೂ ಆಗಿರುತ್ತಿತ್ತು.

ಪಂಜಾಬಿಗಳ ತರಕಾರಿ ಅಂಗಡಿಯಲ್ಲಿ ಮೆಂತ್ಯದ ಸೊಪ್ಪು, ಹಾಗಲಕಾಯಿ, ಬೆಲ್ಲ ಎಲ್ಲ ಸಿಕ್ಕಿದ್ದರಿಂದ ಅತ್ತೆಗೆ ಇಂಗ್ಲೆಂಡಿನ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಿತು. ಅವರ ತಕರಾರು ಸೂರ್ಯನ ಮೇಲೆ ಮಾತ್ರ. ಜುಲೈ ತಿಂಗಳು, ರಾತ್ರಿಯ ಊಟವಾದರೂ ಕಿಟಕಿಯಲ್ಲಿ ಬಿಸಿಲು. “ದೀಪ ಹಚ್ಚೂದು ಯಾವಾಗವಾ ಇಲ್ಲೆ?” ಎಂದು ದಿನವೂ ಕೇಳುತ್ತಿದ್ದರು. ಕಡೆಗೆ ಧಾರವಾಡದ ಗಡಿಯಾರ ಲೆಕ್ಕ ಹಾಕಿ ಮಧ್ಯಾಹ್ನದ ಚಹಾದ ಹೊತ್ತಿಗೇ ದೀಪ ಹಚ್ಚತೊಡಗಿದರು.

ಸೋಮವಾರ ಬೆಳಿಗ್ಗೆ ಪೂಜೆಗೆಂದು ಫ್ರಿಜ್ಜು ಹುಡುಕುವಾಗ ಅವರಿಗೆ ಒಂದು ಡಬ್ಬಿ ಸಿಕ್ಕಿತು. ಅದರ ತುಂಬ ಬೇಯಿಸಿದ ಕಾಬೂಲಿ ಕಡಲೆ, ಅರಿಸಿನ ಹಾಕಿದ್ದು, ಘಮ್ಮೆಂದು ಇಂಗಿನ ವಾಸನೆ. “ಗೀತಾ ಭಾಳ ಶ್ಯಾಣ್ಯಾಕಿ ನೋಡು, ಸ್ವಾಮವಾರ ಅಂತ ಮೊದಲ ಬೇಸಿಟ್ಟಾಳ” ಎಂದು ಹೊಗಳಿ, ಸಾಸಿವೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಕೊಬ್ಬರಿ ಉದುರಿಸಿ ಉಸುಳಿ ಮಾಡಿದರು. ಲಿಂಗಪೂಜೆ ಮುಗಿಸಿ ಎಡೆ ಹಿಡಿದರು. ನಾನೂ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ತಿಂದೆ.

ರಾತ್ರಿಪಾಳಿ ಮುಗಿಸಿ ಬಂದ ಮಹಾಂತೇಶ ತಟ್ಟೆ ನೋಡಿದ, ಫ್ರಿಜ್ಜಿನ ಬಾಗಿಲು ತೆರೆದು ನೋಡಿದ, ಮತ್ತೆ ತಟ್ಟೆ ನೋಡಿದ. ಮುಖ ಬಿಳಿಚಿತು. ಅತ್ತೆ ಪಕ್ಕದಲ್ಲೇ ನಿಂತು ಕಾಯುತ್ತಿದ್ದರು. ಪಾಪ, ತಿಂದ.

“ಹೆಂಗಾಗೇತೋ?”

“ಭಾಳ ಚಲೋ ಆಗೇತಿ, ಅವ್ವ.”

ಅವರು ಸ್ನಾನಕ್ಕೆ ಹೋದಮೇಲೆ ನನಗೆ ಗುಟ್ಟು ಹೇಳಿದ. ಅದು ಮೀನಿನ ಎರೆ! ಇಲ್ಲಿಯವರು ಗಾಳಕ್ಕೆ ಹುಳ ಸಿಕ್ಕಿಸುತ್ತಾರೆ. ಇವನಿಗೆ ಹುಳ ಚುಚ್ಚಲು ಮನಸ್ಸು ಬರುವುದಿಲ್ಲ, ಗೀತಾ ಫ್ರಿಜ್ಜಿನಲ್ಲಿ ಹುಳದ ಡಬ್ಬಿ ಇಡಲು ಬಿಡುವುದೂ ಇಲ್ಲ. ಹಾಗಾಗಿ ಇವನದು ಕಡಲೆ. ಇಂಗು ಅರಿಸಿನ ಹಾಕಿದರೆ ಮೀನಿಗೆ ಬಲು ಇಷ್ಟವಂತೆ. ನಾನು ಬಾಯಿಗೆ ಸೆರಗು ಒತ್ತಿ ನಕ್ಕೆ. ನಗು ನಿಂತ ಮೇಲೆ ಹೆದರಿಕೆಯಾಯಿತು. ಮೀನು ಹಿಡಿಯುವುದೊಂದನ್ನು ಅತ್ತೆ ಕ್ಷಮಿಸಿದರೂ ಶಿವನಿಗೆ ಮೀನಿನ ಎರೆಯ ಎಡೆ ಹಿಡಿಸಿದ್ದನ್ನು ಕ್ಷಮಿಸುತ್ತಾರೆಯೇ?

ಗುರುವಾರ: ಹೊಳೆಯಲ್ಲ, ಹಳ್ಳ

ಗುರುವಾರ ಗೀತಾಗೆ ರಜೆ. ಅತ್ತೆಯನ್ನು ಅವಳಿಗೆ ಒಪ್ಪಿಸಿ, ಅಂಗಡಿಗೆ ಹೋಗುವ ನೆಪ ಹೇಳಿ, ಮಹಾಂತೇಶ ನನ್ನನ್ನು ತನ್ನ ನದಿಗೆ ಕರೆದೊಯ್ದ. ಊರಿನಿಂದ ಉತ್ತರಕ್ಕೆ ಸ್ವಲ್ಪ ದೂರ. ಹೆಸರು ಪೆಂಕ್.

ನದಿ ಅಂದದ್ದಕ್ಕೆ ನಾನು ಗಂಗಾವಳಿಯಂಥದನ್ನು ಎಣಿಸಿಕೊಂಡಿದ್ದೆ. ಇದು ಸೀರೆ ಎತ್ತಿ ಹಿಡಿದರೆ ದಾಟಿಬಿಡಬಹುದಾದಂಥ ಹಳ್ಳ. ಎರಡೂ ದಡದಲ್ಲಿ ಬಾಗಿದ ಮರಗಳು, ತುರಿಸುವ ಸೊಪ್ಪಿನ ಪೊದೆ, ಆಚೆ ದಡದಲ್ಲಿ ನಮ್ಮನ್ನೇ ನೋಡುತ್ತ ಮೆಲುಕು ಹಾಕುವ ದನಗಳು. ಅದರ ದಡದಲ್ಲಿ ಟೆರಿ ಎಂಬೊಬ್ಬ ನಿವೃತ್ತ ಬಸ್ ಡ್ರೈವರು ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ. “ಆಲ್‌ರೈಟ್, ಡಾಕ್?” ಅಂದ, ಇವನು “ಆಲ್‌ರೈಟ್, ಟೆರಿ” ಅಂದ. ಆಮೇಲೆ ಒಂದು ತಾಸು ಇಬ್ಬರೂ ಮಾತಾಡಲಿಲ್ಲ. ನಮ್ಮಲ್ಲಿ ಇಬ್ಬರು ಗಂಡಸರು ಇಷ್ಟು ಹೊತ್ತು ಮಾತಿಲ್ಲದೆ ಕೂತರೆ ಊರವರು ಆಸ್ತಿ ಜಗಳವೆಂದು ತಿಳಿಯುತ್ತಾರೆ. ಇಲ್ಲಿ ಅದೇ ಸ್ನೇಹ.

ಇವರು ಮಾಡುವ ಉಪಚಾರ ನೋಡಬೇಕು! ಮೀನನ್ನು ಮಲಗಿಸಲು ಮೆತ್ತನೆಯ ಹಾಸು, ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕೆಂಬ ನೇಮ, ಗಾಯವಾಗಿದ್ದರೆ ಹಚ್ಚಲು ಸೀಸೆಯಲ್ಲಿ ಔಷಧ. ಬಾಣಂತಿಯ ಕೋಣೆಯಲ್ಲೂ ಇಷ್ಟು ಮಡಿ ನಾನು ಕಂಡಿಲ್ಲ. “ಇಷ್ಟೆಲ್ಲ ಕಾಳಜಿ ಇದ್ದವರು ಗಾಳ ಯಾಕ ಹಾಕ್ತೀರೋ?” ಎಂದು ಕೇಳಿದೆ. “ಅದೊಂದ ಕೇಳಬ್ಯಾಡ್ರಿ” ಎಂದ.

ಆಗಲೇ ಕೋಲು ಬಾಗಿತು. ಬಂದದ್ದು ಚಬ್ ಎಂಬ ಮೀನು. ಮೊಳದುದ್ದ, ಕಂಚಿನ ಬಣ್ಣದ ದೊಡ್ಡ ಹುರುಪೆ, ಅಗಲ ಬಾಯಿ. ಮಹಾಂತೇಶ ಅದನ್ನು ಎದೆಗವಚಿಕೊಂಡು ನಿಂತ. ಟೆರಿ ತನ್ನ ಮೊಬೈಲಿನಲ್ಲಿ ಫೋಟೋ ತೆಗೆದ. ನಾನು ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡು ಕೂತಿದ್ದೆ. ಅದನ್ನು ನೀರಿಗೆ ಬಿಡುವಾಗ, ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ಉರಿಯಿತು.

ಡಿಡ್ಸ್‌ಬರಿ: ಸಾಕ್ಷಿ

ಶನಿವಾರ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಪರಿಚಯದ ಡಾಕ್ಟರೊಬ್ಬರ ಮನೆಯಲ್ಲಿ ಊಟ. ಟ್ರ್ಯಾಮಿನಲ್ಲಿ ಕಿವಿ ಮೂಗು ತುಟಿಗೆಲ್ಲ ಉಂಗುರ ಹಾಕಿಕೊಂಡ ಹುಡುಗಿಯೊಬ್ಬಳು ಎದ್ದು ಅತ್ತೆಗೆ ಜಾಗ ಕೊಟ್ಟಳು. ಅತ್ತೆ ಅವಳ ತಲೆ ನೇವರಿಸಿ, “ನತ್ತು ಚಲೋ ಕಾಣತೈತಿ, ತುಟಿದು ಒಂದ ತಗದ ಬಿಡವಾ, ಉಣ್ಣಾಕ ತ್ರಾಸ ಆಗತೈತಿ” ಎಂದರು. ಅವಳಿಗೆ ಏನು ತಿಳಿಯಿತೋ, ಥ್ಯಾಂಕ್ಯೂ ಅಂದಳು.

ಊಟಕ್ಕೆ ಬಂದವರೆಲ್ಲ ನಮ್ಮ ಕಡೆಯವರೇ. ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ನಡುವೆ ಕೂತ ಅತ್ತೆ ಎಲ್ಲರಿಗೂ ಕೇಳುವ ಹಾಗೆ, “ಈ ದೇಶಕ್ಕ ಬಂದು ನನ್ನ ಮಾಂತು ಒಂದ ತತ್ತಿ ಸುದ್ದಾ ಮುಟ್ಟಿಲ್ಲ. ಬೇಕಾದ್ರ ನಮ್ಮ ಶಾರದಾನ್ನ ಕೇಳ್ರಿ” ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಮಹಾಂತೇಶ ಮಜ್ಜಿಗೆ ಲೋಟದಲ್ಲಿ ಮುಖ ಮುಚ್ಚಿಕೊಂಡ. “ಹೌದ್ರಿ, ಮುಟ್ಟಿಲ್ಲ” ಅಂದೆ. ತತ್ತಿಯ ಮಟ್ಟಿಗೆ ಅದು ನಿಜವೇ. ಆದರೆ ನನ್ನನ್ನೇ ಸಾಕ್ಷಿಗೆ ಕರೆದದ್ದು ಒಳಗೆ ಚುಚ್ಚುತ್ತಿತ್ತು. ನಾನು ಮೀನು ಬಿಟ್ಟದ್ದನ್ನು ಅವರು ಯಾರ ಮುಂದೆಯೂ ಹೀಗೆ ಹೇಳಿಕೊಂಡದ್ದು ನನಗೆ ನೆನಪಿರಲಿಲ್ಲ.

ಭಾನುವಾರ: ಪೆಂಕ್ ದಡದಲ್ಲಿ ಅತ್ತೆ

ವಾರಕ್ಕೊಮ್ಮೆ ಮಗ ಹೊಳೆದಂಡೆಗೆ “ಅಡ್ಡಾಡಲು” ಹೋಗುವುದು ಅತ್ತೆಗೆ ಫೋನಿನಿಂದ ಗೊತ್ತಿತ್ತು. ಭಾನುವಾರ ಆ ಜಾಗ ನೋಡಲೇಬೇಕೆಂದು ಹಟ ಹಿಡಿದರು. ಮಹಾಂತೇಶ ಡಿಕ್ಕಿ ಖಾಲಿ ಮಾಡಿ, ತೊಳೆದು, ಊದುಬತ್ತಿ ಬೇರೆ ಹಚ್ಚಿದ. ಅತ್ತೆ ಚಪಾತಿ, ಶೇಂಗಾ ಚಟ್ನಿ ಕಟ್ಟಿದರು. ಮಗನಿಗೆ ಬಹಳ ಸೇರಿತೆಂದು ಒಂದು ಡಬ್ಬಿ ಕಡಲೆ ಉಸುಳಿಯನ್ನೂ.

ಹುಲ್ಲಿನ ಮೇಲೆ ಕಂಬಳಿ ಹಾಸಿ ಕೂತೆವು. ತಂಪು ಗಾಳಿ, ಎಳೆ ಬಿಸಿಲು. ಅತ್ತೆಗೆ ಜಾಗ ಹಿಡಿಸಿತು. “ನಮ್ಮ ಹೊಲದ ಹಳ್ಳದಂಗ ಐತಿ” ಎಂದರು. ಗಂಡಾಂತರ ತಪ್ಪಿತು ಎಂದುಕೊಳ್ಳುವಷ್ಟರಲ್ಲಿ ಪೊದೆಯಾಚೆಯಿಂದ ಟೆರಿ ಬಂದ.

“ಡಾಕ್! ಎಲ್ಲಿ ನಿನ್ನ ಕೋಲು?” ಅಂದ. ಮಹಾಂತೇಶ ಕಣ್ಸನ್ನೆ ಮಾಡಿದ. ಟೆರಿಗೆ ಅದು ತಿಳಿಯಲಿಲ್ಲ. ಇವರು ಡಾಕ್ಟರ ತಾಯಿ ಎಂದು ಗೊತ್ತಾದದ್ದೇ ತಡ, ಟೋಪಿ ತೆಗೆದು, ಕುಕ್ಕರುಗಾಲಲ್ಲಿ ಕೂತು, ಖುಷಿಯಿಂದ ಮೊಬೈಲು ತೆಗೆದು ಅವರ ಮುಂದೆ ಹಿಡಿದ. ಅತ್ತೆಗೆ ಇಂಗ್ಲಿಷು ಬರುವುದಿಲ್ಲ. ಫೋಟೋಕ್ಕೆ ಇಂಗ್ಲಿಷು ಬೇಕಾಗಿರಲಿಲ್ಲ. ಅವರ ಮಗ ಮೊಳದುದ್ದದ ಮೀನನ್ನು ಕೂಸಿನ ಹಾಗೆ ಎದೆಗವಚಿಕೊಂಡು ಹಲ್ಲು ಕಿರಿದು ನಿಂತಿದ್ದ.

ಅತ್ತೆ ಬಹಳ ಹೊತ್ತು ನೋಡಿದರು. ನಾನು ಶಿವಶಿವಾ ಎನ್ನುತ್ತಿದ್ದೆ.

“ತಿಂದಿಯೇನು?”

“ಇಲ್ಲವ್ವ. ನಿನ್ನಾಣಿ. ಹಿಡದು ಹೊಳ್ಳಿ ಬಿಡೂದು.”

“ಹಿಡಿಯೂದ್ಯಾಕ, ಬಿಡೂದ್ಯಾಕ?”

ಮಹಾಂತೇಶ ತಲೆ ತಗ್ಗಿಸಿದ. ಐವತ್ತರ ಹತ್ತಿರದ ಡಾಕ್ಟರು ಪೆಟ್ಟು ತಿನ್ನುವ ಹುಡುಗನ ಹಾಗೆ ನಿಂತಿದ್ದ. ಅತ್ತೆ ಮೊಬೈಲು ವಾಪಸು ಕೊಟ್ಟು, “ನನ್ನ ಮುಂದ ಹಿಡದ ತೋರಸು” ಎಂದರು.

ಟೆರಿ ತನ್ನ ಕೋಲು ಕೊಟ್ಟ, ಹುಳದ ಡಬ್ಬಿಯನ್ನೂ ಚಾಚಿದ. ಅತ್ತೆ ಮುಖ ಕಿವುಚಿದರು. ಮಹಾಂತೇಶ ತಾಯಿಯ ಉಸುಳಿ ಡಬ್ಬಿ ತೆರೆದು ಒಂದು ಕಡಲೆ ತೆಗೆದು ಗಾಳಕ್ಕೆ ಸಿಕ್ಕಿಸಿದ. ಅತ್ತೆ ಅವನ ಬೆರಳು ನೋಡಿದರು, ಡಬ್ಬಿ ನೋಡಿದರು, ನನ್ನ ಕಡೆ ತಿರುಗಿದರು.

“ಶಾರದಾ, ಸ್ವಾಮವಾರದ ಆ ಕಡ್ಲಿ…?”

“ಹೌದ್ರಿ, ಅತ್ತ್ಯಾರ.”

“ಮೀನಿನ ಕೂಳ ತಗದು ಶಿವಗ ಎಡಿ ಹಿಡದ್ನಲ್ಲೋ ಯಪ್ಪಾ!” ಎಂದು ಹಣೆ ಬಡಿದುಕೊಂಡರು. ಆಮೇಲೆ ಅವರ ಭುಜ ಅಲ್ಲಾಡಿತು. ಅಳುತ್ತಿದ್ದಾರೆಂದು ಹತ್ತಿರ ಹೋದೆ, ನಗುತ್ತಿದ್ದರು. “ಎಲ್ಲಾ ಶಿವನ ಕೂಸುಗಳ. ಮೊದಲ ಅವಗ ಕೊಟ್ಟೀನಲ್ಲ, ಹೋಗ್ಲಿ” ಎಂದು ಕಣ್ಣೊರೆಸಿಕೊಂಡರು. ಏನೂ ತಿಳಿಯದ ಟೆರಿಯೂ ಜೊತೆಗೆ ನಕ್ಕ.

ಒಗ್ಗರಣೆ ಕೊಟ್ಟ ಕಡಲೆಗೆ ಪೆಂಕಿನ ಮೀನು ಬಲುಬೇಗ ಬಿತ್ತು. ಕೋಲು ಬಿಲ್ಲಾಯಿತು. ಟೆರಿ ಕೈಬಲೆ ಒಡ್ಡಿದ. ಹಾಸಿನ ಮೇಲೆ ಮಲಗಿಸಿ ಮಹಾಂತೇಶ ಗಾಳ ಬಿಡಿಸುವಾಗ ಅತ್ತೆ ಬಗ್ಗಿ ನೋಡಿದರು.

“ಬಾಯಾಗ ಚುಚ್ಚೇತಲ್ಲೋ. ನೋವಾಗಂಗಿಲ್ಲೇನು?”

“ಖರೇ ಅಂದ್ರ ಗೊತ್ತಿಲ್ಲವ್ವ.”

“ಡಾಕ್ಟರಾಗಿ ನಿನಗ ಗೊತ್ತಿಲ್ಲಂದ್ರ ಯಾರ್ನ ಕೇಳೂದು?”

ಅವನು ತಾಯಿಯ ಕಡೆ ತಿರುಗಿದ, ಅಷ್ಟರಲ್ಲಿ ಮೀನು ಚಿಮ್ಮಿ ಹುಲ್ಲಿಗೆ ಬಿತ್ತು, ಅಲ್ಲಿಂದ ದಡದ ಕಲ್ಲುಗಳ ಕಡೆ ಪಟಪಟ ಹೊಡೆದುಕೊಳ್ಳುತ್ತ ಜಾರಿತು. ನಾನು ಯಾವಾಗ ಎದ್ದೆನೋ ತಿಳಿಯದು. ನೀರಲ್ಲಿ ಕೈ ಅದ್ದಿ ಎರಡೂ ಅಂಗೈಯಲ್ಲಿ ಅದನ್ನು ಹಿಡಿದುಬಿಟ್ಟಿದ್ದೆ. ತಣ್ಣನೆಯ, ಗಟ್ಟಿಯಾದ, ಜೀವಂತ ಮೀನು. ಅದರ ವಾಸನೆ ಮೂಗಿಗೆ ಹೊಡೆಯಿತು. ನನ್ನ ತಾಯಿ ಹಿತ್ತಲಲ್ಲಿ ಕೂತು ಮೀನು ತೊಳೆಯುತ್ತಿದ್ದದ್ದು, ಅವಳ ಬಳೆಗೆ ಅಂಟಿದ ಹುರುಪೆ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ನನಗೆ ಅಳು ಬಂತು. ಅಲ್ಲೇ, ಎಲ್ಲರ ಮುಂದೆ, ಮೀನು ಹಿಡಿದುಕೊಂಡು ಅತ್ತುಬಿಟ್ಟೆ.

ಮಹಾಂತೇಶ ಪಕ್ಕಕ್ಕೆ ಬಂದು ನನ್ನ ಕೈಗಳನ್ನು ಮೆಲ್ಲಗೆ ನೀರಿಗೆ ಇಳಿಸಿದ. ಹರಿವಿಗೆ ಮುಖ ಮಾಡಿ ಹಿಡಿದರೆ ಅದಕ್ಕೆ ಉಸಿರು ಮರಳುತ್ತದಂತೆ. ಹಾಗೇ ಹಿಡಿದು ಕೂತೆವು. ಅವನು ಹಿಂತಿರುಗದೆ ತಾಯಿಗೆ ಹೇಳಿದ.

“ದವಾಖಾನ್ಯಾಗ ದಿನಾ ಯಾರರ ಒಬ್ಬರು ಕೈಯಾಗಿಂದ ಜಾರಿ ಹೋಗ್ತಾರವ್ವ. ಇಲ್ಲೆ ಕೈಯಾಗಿಂದ ಜಾರಿದ್ದು ಬದಕತೈತಿ. ಅದಕ್ಕ ಬರ್ತೀನಿ.”

ನನ್ನ ಅಂಗೈಯಲ್ಲಿ ಮೀನು ಒಮ್ಮೆ ಬಾಲ ಬೀಸಿತು, ಹೋಯಿತು.

“ಇದನ್ನ ನನಗ ಯಾಕ ಹೇಳಲಿಲ್ಲೋ?” ಅತ್ತೆಯ ದನಿ ಸಣ್ಣದಾಗಿತ್ತು.

“ನೀ ಬೈತಿ ಅಂತ.”

“ಬೈತಿದ್ನಿ” ಎಂದರು.

ವಾಪಸು ದಾರಿ: ಬೆಂಚು

ನನ್ನ ಕೈಯ ವಾಸನೆ ಕಾರು ತುಂಬಿತ್ತು. ಟಿಶ್ಯೂನಿಂದ ಎಷ್ಟು ಒರೆಸಿದರೂ ಹೋಗದು. ಅತ್ತೆಗೆ ಬಡಿಯುತ್ತಿದೆಯೆಂದು ಗೊತ್ತಿದ್ದು ನಾನು ಕಿಟಕಿ ಇಳಿಸಿದೆ. “ಏರಸು, ಥಂಡಿ ಬರತೈತಿ” ಎಂದರು.

ಮುಂದಿನ ಹಳ್ಳಿಯಲ್ಲಿ ಒಂದು ಅಂಗಡಿಯ ಮುಂದೆ ಜನ ಸಾಲು ನಿಂತಿದ್ದರು. ಬೋರ್ಡಿನ ಮೇಲೆ ದೊಡ್ಡ ಮೀನಿನ ಚಿತ್ರ. “ನಿಲ್ಲಸು” ಎಂದರು ಅತ್ತೆ. ಮಹಾಂತೇಶ ಹೆದರಿ ಬ್ರೇಕು ಹಾಕಿದ.

“ಹೋಗಿ ಶಾರದಾಗ ಮೀನ ತೊಗೊಂಡ ಬಾ.”

“ಅತ್ತ್ಯಾರ, ಬ್ಯಾಡ್ರಿ…” ಎಂದೆ. ಬಾಯಿಮಾತಿಗೆ ಎಂದೆ.

“ನೀ ಸುಮ್ನಿರು. ಇಷ್ಟು ವರ್ಷ ನೀ ಬಾಯಿ ಕಟ್ಟಿದಿ, ಈ ಮಗಾ ಕೈ ಸುದ್ದಾ ಕಟ್ಟಲಿಲ್ಲ. ಹಿಂಗಾದ್ರ ನ್ಯಾಯ ಹೆಂಗಾಗತೈತಿ?” ಎಂದರು. ಆಮೇಲೆ ಹೊರಗೆ ನೋಡುತ್ತ, “ಹೊಳಿ ದಂಡ್ಯಾಗ ನಿನ್ನ ಮಾರಿ ನೋಡಿದ್ನಲ್ಲ, ಆಗ ತಿಳೀತು. ನಾ ಬಿಡು ಅಂದದ್ದು ಬರೇ ಒಂದ ತಿನಸು ಅಂತ ತಿಳಕೊಂಡಿದ್ನಿ” ಎಂದರು.

ಜನ್ಮದಲ್ಲಿ ಮೀನು ಕೊಂಡವನಲ್ಲ ಮಹಾಂತೇಶ. ಸಾಲಿನಲ್ಲಿ ನಿಂತು, ಒಳಗೆ ಹೋಗಿ, ಗಾಬರಿಯಾಗಿ ಹೊರಗೆ ಓಡಿ ಬಂದ. “ವೈನಿ, ಉಪ್ಪು, ವಿನೆಗರ್ ಹಾಕ್ಲೇನು ಅಂತ ಕೇಳಾಕತ್ತಾರ!” ಉಪ್ಪು ಹುಳಿಯಾದರೂ ಗೊತ್ತಲ್ಲ ಈ ಜನಕ್ಕೆ, ಎರಡೂ ಹಾಕಿಸು ಅಂದೆ. ಬೇಡವೆಂದು ಹಟ ಹಿಡಿದಿದ್ದರೆ ನಾನು ದೊಡ್ಡವಳಾಗುತ್ತಿದ್ದೆನೇನೋ. ಆದರೆ ಬಾಯಲ್ಲಿ ಆಗಲೇ ನೀರು ಬಂದಿತ್ತು.

ಅಂಗಡಿಯ ಹೊರಗಿನ ಮರದ ಬೆಂಚಿನಲ್ಲಿ ಕೂತೆವು. ಕಾಗದದ ಪೊಟ್ಟಣ ಬಿಚ್ಚಿದೆ. ಬಂಗಾರದ ಬಣ್ಣಕ್ಕೆ ಕರಿದ, ನನ್ನ ಮುಂಗೈಯಷ್ಟುದ್ದದ ಮೀನು, ಬಿಸಿ ಹಬೆ. ಅತ್ತೆ ದೂರ ಕೂರುತ್ತಾರೆಂದು ನಾನು ಬೆಂಚಿನ ತುದಿಗೆ ಸರಿದೆ. ಅವರು ಸರಿಯಲಿಲ್ಲ. ನನ್ನ ಪಕ್ಕದಲ್ಲೇ ತಮ್ಮ ಡಬ್ಬಿ ತೆರೆದು, ಚಪಾತಿಗೆ ಚಟ್ನಿ ಹಚ್ಚಿಕೊಂಡು, ನಾನು ಮೊದಲ ತುತ್ತು ಮುರಿಯುವುದನ್ನು ನೋಡುತ್ತ ಕೂತರು. ಮೂಗು ಮುಚ್ಚಿಕೊಳ್ಳಲಿಲ್ಲ.

“ಮುಳ್ಳ ನೋಡಿ ತಿನ್ನವಾ” ಎಂದರು. “ಗಂಟಲದಾಗ ಸಿಕ್ಕೀತು.”

ಅದರಲ್ಲಿ ಒಂದೂ ಮುಳ್ಳಿರಲಿಲ್ಲ. ಇಲ್ಲಿಯವರು ಎಲ್ಲ ತೆಗೆದೇ ಕರಿಯುತ್ತಾರೆ. ನಾನು ಹೇಳಲಿಲ್ಲ. ಒಂದೊಂದು ತುತ್ತನ್ನೂ ಬೆರಳಿನಿಂದ ಬಿಡಿಸಿ, ಹುಡುಕಿ ಹುಡುಕಿ ತಿಂದೆ.